ಒಂದೇ ಫೀಲ್ಡ್ ಒಮ್ಮೆ ಸಂಖ್ಯೆಯಾಗಿ, ಒಮ್ಮೆ ಸ್ಟ್ರಿಂಗ್ ಆಗಿ ಬಂದರೆ ಎಲ್ಮ್‌ನಲ್ಲಿ ಡಿಕೋಡರ್ ಬರೆಯುವುದು ಹೇಗೆ?

ಎಲ್ಮ್ ಎಂಬುದು ವೆಬ್ ಪುಟಗಳಿಗಾಗಿ ಇರುವ ಪ್ರೋಗ್ರಾಮಿಂಗ್ ಭಾಷೆ; ಹೊರಗಿನಿಂದ ಬಂದ ದತ್ತಾಂಶವನ್ನು ಪರೀಕ್ಷಿಸಿ ಎಲ್ಮ್ ಬೆಲೆಯಾಗಿಸುವುದು ಅದರ ಡಿಕೋಡರ್. ನಿಮಗೆ ಬರುವ ಜೇಸನ್‌ನಲ್ಲಿ (ಸರ್ವರ್ ಕಳುಹಿಸುವ ಪಠ್ಯರೂಪದ ದತ್ತಾಂಶ) ‘ಪ್ರಮಾಣ’ ಎಂಬ ಫೀಲ್ಡ್ ಕೆಲವೊಮ್ಮೆ 42, ಕೆಲವೊಮ್ಮೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಉದ್ಧರಣ ಚಿಹ್ನೆಯೊಳಗಿನ "42", ಮತ್ತೆ ಕೆಲವೊಮ್ಮೆ ನಲ್ (ಖಾಲಿ ಬೆಲೆ) ಆಗಿರುತ್ತದೆ. ಇಂಟ್ (ಪೂರ್ಣಾಂಕ) ಡಿಕೋಡರ್ ಅಲ್ಲಿ ಸೋಲುತ್ತದೆ ಎಂದಿದ್ದೀರಿ. ಅದು ಸೋಲಲೇಬೇಕು. ನೀವು ಕೇಳಿದ್ದು ಇಂಟ್, ಬಂದದ್ದು ಬೇರೆ.

ಇದಕ್ಕೆ ಒನ್‌ಆಫ್ ಇದೆ. ಡಿಕೋಡರ್‌ಗಳ ಪಟ್ಟಿ ಕೊಟ್ಟರೆ ಅದು ಒಂದೊಂದನ್ನೇ ಕ್ರಮವಾಗಿ ಪ್ರಯತ್ನಿಸಿ, ಮೊದಲು ಗೆದ್ದದ್ದರ ಫಲವನ್ನು ಕೊಡುತ್ತದೆ. ಪಟ್ಟಿಯಲ್ಲಿ ಮೊದಲು ಇಂಟ್ ಇಡಿ. ಎರಡನೆಯದರಲ್ಲಿ ಸ್ಟ್ರಿಂಗ್ ಓದಿ, ಆಂಡ್‌ದೆನ್ (ಒಂದು ಡಿಕೋಡರ್ ಕೊಟ್ಟ ಬೆಲೆ ನೋಡಿ ಮುಂದಿನದನ್ನು ಆರಿಸುವ ಫಂಕ್ಷನ್) ಮೂಲಕ ಅದನ್ನು ಸ್ಟ್ರಿಂಗನ್ನು ಪೂರ್ಣಾಂಕವಾಗಿಸುವ ಟುಇಂಟ್‌ಗೆ ಒಪ್ಪಿಸಿ. ಜಸ್ಟ್ (ಬೆಲೆ ಇದೆ) ಸಿಕ್ಕರೆ ಸಕ್ಸೀಡ್ (ಆ ಬೆಲೆಯೊಂದಿಗೆ ಗೆಲ್ಲುವ ಡಿಕೋಡರ್), ನಥಿಂಗ್ (ಬೆಲೆ ಇಲ್ಲ) ಆದರೆ ಫೇಲ್ (ಸಂದೇಶದೊಂದಿಗೆ ಸೋಲುವ ಡಿಕೋಡರ್). ಫೇಲ್‌ಗೆ ಬರೆಯುವ ಸಂದೇಶದಲ್ಲಿ ಬಂದ ಸ್ಟ್ರಿಂಗನ್ನೇ ಸೇರಿಸಿ. ಮುಂದೆ ದೋಷ ಹುಡುಕುವಾಗ ಅದು ಒಳ್ಳೆಯ ಸುಳಿವು. ಕೊನೆಗೆ ಇಡೀ ಒನ್‌ಆಫ್‌ಗೆ ನಲ್ ಬಂದರೆ ನಥಿಂಗ್ ಕೊಡುವ ನಲೆಬಲ್ ಹೊದಿಸಿದರೆ ನಿಮ್ಮ ಮೂರೂ ರೂಪಗಳು ಮುಗಿದವು.

ದಯವಿಟ್ಟು ಪಟ್ಟಿಯ ಕೊನೆಗೆ ‘ಸಕ್ಸೀಡ್ 0’ ಸೇರಿಸಬೇಡಿ. ನಾನು ಒಮ್ಮೆ ಸೇರಿಸಿದ್ದೆ. ಸರ್ವರ್ ಒಂದು ದಿನದಿಂದ "1,200" ಎಂದು ಅಲ್ಪವಿರಾಮದೊಂದಿಗೆ ಕಳುಹಿಸತೊಡಗಿತು. ಟುಇಂಟ್ ಅದನ್ನು ಒಪ್ಪುವುದಿಲ್ಲ. ಹಾಗಾಗಿ ದೊಡ್ಡ ಮೊತ್ತಗಳೆಲ್ಲ ಸದ್ದಿಲ್ಲದೆ ಸೊನ್ನೆಯಾದವು. ದೋಷದ ಸಂದೇಶ ಒಂದೂ ಇರಲಿಲ್ಲ. ತಪ್ಪು ಲೆಕ್ಕವನ್ನು ನಂಬಿ ಕೆಲಸ ಮಾಡಿದವರ ಮುಖ ನೋಡುವುದು ನನಗೆ ಕಷ್ಟವಾಯಿತು. ಅಪರಿಚಿತ ರೂಪ ಬಂದರೆ ಡಿಕೋಡರ್ ಗಟ್ಟಿಯಾಗಿ ಕೂಗಬೇಕು.

ಒಳಗಿನ ಡಿಕೋಡರ್ ಸೋತರೆ ನಥಿಂಗ್ ಕೊಡುವ ಮೇಬಿ ಡಿಕೋಡರ್‌ನಲ್ಲೂ ಇದೇ ಅಪಾಯವಿದೆ. ಹೆಸರಿನಿಂದ ಫೀಲ್ಡನ್ನು ಹೆಕ್ಕುವ ‘ಫೀಲ್ಡ್’ ಡಿಕೋಡರ್ ಹೊರಗೆ ಅದನ್ನು ಹೊದಿಸಿದರೆ ಫೀಲ್ಡ್ ಇಲ್ಲದಿದ್ದರೂ ನಥಿಂಗ್, ಅದರಲ್ಲಿ ಕಸವಿದ್ದರೂ ನಥಿಂಗ್, ಎರಡಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಒಳಗಿಟ್ಟರೆ ಫೀಲ್ಡ್ ಇರಲೇಬೇಕು, ಆದರೆ ಕಸ ಆಗಲೂ ನಥಿಂಗ್ ಆಗಿಯೇ ನುಸುಳುತ್ತದೆ. ಫೀಲ್ಡ್ ಕೆಲವೊಮ್ಮೆ ಬರುವುದೇ ಇಲ್ಲ ಎಂದಾದರೆ ಡಿಕೋಡರ್‌ಗಳನ್ನು ಸಾಲಾಗಿ ಜೋಡಿಸುವ ಪೈಪ್‌ಲೈನ್ ಪ್ಯಾಕೇಜಿನ ಆಪ್ಷನಲ್ ಬಳಸಿ: ಫೀಲ್ಡ್ ಇಲ್ಲದಿದ್ದಾಗ ಅಥವಾ ನಲ್ ಆಗಿದ್ದಾಗ ಮಾತ್ರ ನೀವು ಕೊಟ್ಟ ಬದಲಿ ಬೆಲೆಯನ್ನು ಹಿಡಿಯುತ್ತದೆ, ತಪ್ಪು ರೂಪ ಬಂದರೆ ಸೋಲುತ್ತದೆ.

ಇನ್ನೊಂದು ಮಾತು. ಆ ಫೀಲ್ಡ್ ಪ್ರಮಾಣವಲ್ಲದೆ ದಾಖಲೆಯ ಗುರುತು (ಐಡಿ) ಆಗಿದ್ದರೆ ದಿಕ್ಕು ಬದಲಿಸಿ. ಸಂಖ್ಯೆಯನ್ನೇ ಸ್ಟ್ರಿಂಗ್ ಮಾಡಿಕೊಳ್ಳಿ. ಎಲ್ಮ್ ಓಡುವುದು ಜಾವಾಸ್ಕ್ರಿಪ್ಟ್ ಮೇಲೆ, ಅಲ್ಲಿ 9007199254740991ರ ಆಚೆಗಿನ ಪೂರ್ಣಾಂಕಗಳ ನಿಖರತೆಗೆ ಖಾತರಿಯಿಲ್ಲ. ಕೆಲವು ಸರ್ವರ್‌ಗಳು ಗುರುತನ್ನು ಬೇಕೆಂದೇ ಸ್ಟ್ರಿಂಗ್ ಆಗಿ ಕಳುಹಿಸುವುದು ಇದಕ್ಕಾಗಿಯೇ.