ಗುಳ್ಳೆ ಎದ್ದರೆ ಫ್ಯಾನ್ ಅಲ್ಲ, ವೋಲ್ಟ್ ನೋಡಿ

ಪ್ರಶ್ನೆ: ಸುಟ್ಟ ಪಂಪ್‌ಸೆಟ್ ಮೋಟಾರಿನ ತಂತಿ, ಬೆಸುಗೆ ಹತ್ತಿದ ಹಳೇ ತಾಮ್ರದ ಪೈಪು ಸೇರಿಸಿ ಮನೆಯಲ್ಲೇ ವಿದ್ಯುತ್ತಿನಿಂದ ಶುದ್ಧ ಮಾಡುತ್ತಿದ್ದೇನೆ. 12 ವೋಲ್ಟಿನ ಬ್ಯಾಟರಿ ಚಾರ್ಜರ್ ಇದೆ. ಮಳೆ ಹಿಡಿದ ಮೇಲೆ ಕಾಫಿ ಗೋದಾಮಿನ ಕಿಟಕಿ ತೆರೆಯಲಾಗದು, ಒಳಗೆ ಗಂಟಲು ಕೆರೆಯುತ್ತದೆ. ಎಷ್ಟು ಇಂಚಿನ ಎಕ್ಸಾಸ್ಟ್ ಫ್ಯಾನ್ ಬೇಕು?
– ಓದುಗರು, ಸೋಮವಾರಪೇಟೆ

ಉತ್ತರ: ಇಂಚಿನ ಮಾತು ಬಿಡಿ. ಮಳೆಗಾಲ ಬಂದರೆ ಈ ಪ್ರಶ್ನೆಯೂ ಬರುತ್ತದೆ, ಚಾರ್ಜರ್ ಮಾತ್ರ ಪ್ರತಿ ಸಲವೂ 12 ವೋಲ್ಟಿನದೇ. ತಾಮ್ರ ಒಂದು ತಗಡಿನಿಂದ ಇನ್ನೊಂದಕ್ಕೆ ಸಾಗಲು ಕಾಲು ವೋಲ್ಟಿನಿಂದ ಅರ್ಧ ವೋಲ್ಟ್ ಸಾಕು, ಆಗ ಗುಳ್ಳೆಯೇ ಏಳದು. ಅದಕ್ಕಿಂತ ಬಹಳ ಮೇಲೇರಿದರೆ ಕ್ಯಾಥೋಡಿನಲ್ಲಿ (ತಾಮ್ರ ಬಂದು ಕೂರುವ ತಗಡು) ಹೈಡ್ರೋಜನ್, ಆನೋಡಿನಲ್ಲಿ (ಕರಗುವ ಹಳೇ ತಾಮ್ರ) ಆಕ್ಸಿಜನ್ ಏಳುತ್ತವೆ. ಆ ಗುಳ್ಳೆ ಒಡೆದಾಗ ಹಾರುವ ಆಸಿಡ್ ತುಂತುರೇ ನಿಮ್ಮ ಗಂಟಲು ಕೆರೆಯುತ್ತಿರುವುದು.

ಚಾರ್ಜರ್ ಬಿಟ್ಟು ಆಂಪಿಯರ್ ಹಿಡಿದಿಡುವ ಪವರ್ ಸಪ್ಲೈ ತನ್ನಿ. ಕ್ಯಾಥೋಡಿನ 100 ಚದರ ಸೆಂಟಿಮೀಟರಿಗೆ 1 ಆಂಪಿಯರ್ ಇರಲಿ. 1 ಆಂಪಿಯರಿಗೆ ಗಂಟೆಗೆ ಸುಮಾರು 1.19 ಗ್ರಾಂ ತಾಮ್ರ ಕೂರುತ್ತದೆ, ಅವಸರ ಮಾಡಿದರೆ ಪುಡಿಯಾಗಿ ಉದುರುತ್ತದೆ. ದ್ರಾವಣ ಲೀಟರಿಗೆ 200 ಗ್ರಾಂ ಮೈಲುತುತ್ತ, 150 ಮಿಲಿ ಬ್ಯಾಟರಿ ಆಸಿಡ್. ನೀಲಿ ಬಿಳಿಚಿತೋ, ನಿಲ್ಲಿಸಿ. ತಾಮ್ರ ಬತ್ತಿದ ದ್ರಾವಣದಲ್ಲಿ ಹೈಡ್ರೋಜನ್ ಏಳುತ್ತದೆ. ಹಳೇ ಲೋಹದಲ್ಲಿ ಆರ್ಸೆನಿಕ್ ಇದ್ದರೆ ಅದರೊಡನೆ ಆರ್ಸೀನ್ ಅನಿಲವೂ ಹುಟ್ಟುತ್ತದೆ. ಅದು ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ.

ಇನ್ನು ಗಾಳಿ. ಕಾಫಿ ಚೀಲವಿರುವ ಗೋದಾಮು ಈ ಕೆಲಸಕ್ಕಲ್ಲ. ಎರಚಲು ಬೀಳದ, ಎರಡು ಮೂರು ಕಡೆ ತೆರೆದ ಶೀಟಿನ ಇಳಿಮಾಡು ಸಾಕು. ಒಳಗೇ ಮಾಡುವುದಾದರೆ ಫ್ಯಾನ್ ಹೊರಗಿನ ಗಾಳಿಯನ್ನು ಒಳಕ್ಕೆ ನೂಕಲಿ, ಎದುರು ಗೋಡೆಯ ಮೇಲ್ಭಾಗದಲ್ಲಿ ಕಿಂಡಿ ಇರಲಿ. ಹೀಗಾದರೆ ಮೋಟಾರಿಗೆ ಆಸಿಡ್ ತಾಗದು, ಕಿಡಿಯ ಭಯವೂ ಕಡಿಮೆ. ಫ್ಯಾನ್, ಪವರ್ ಸಪ್ಲೈ ಎರಡೂ ಒಂದೇ ಸ್ವಿಚ್ಚಿಗೆ. ಕರೆಂಟು ಹೋದಾಗ ಫ್ಯಾನ್ ನಿಂತು ಸೆಲ್ (ತಗಡು ಮುಳುಗಿಸಿದ ದ್ರಾವಣದ ಬಕೆಟ್) ಮಾತ್ರ ಇನ್ವರ್ಟರಿನಲ್ಲಿ ಓಡುವುದೇ ಇಲ್ಲಿನ ಮಳೆಗಾಲದ ಅಪಾಯ. ಬಕೆಟಿಗೆ ಮುಚ್ಚಳ ಬಿಗಿಯಬೇಡಿ: ಗಾಳಿಯಲ್ಲಿ ಹೈಡ್ರೋಜನ್ ಶೇ 4 ಆದರೆ ಒಂದು ಕಿಡಿ ಸಾಕು.

ಅಂದಹಾಗೆ, ಮೋಟಾರಿನ ತಂತಿ ಮೊದಲೇ ಶೇ 99.9 ಶುದ್ಧ. ಅದನ್ನು ಮತ್ತೆ ಶುದ್ಧ ಮಾಡುವುದು ಏಕೋ?

ಆಸಿಡ್ ಬದಲು ಅಡುಗೆ ಉಪ್ಪು?
ಬೇಡ. ತಾಮ್ರದ ಬದಲು ಕೆಸರು ಸಿಗುತ್ತದೆ, ಗ್ರಾಫೈಟ್ ಆನೋಡ್ ಇದ್ದರೆ ಕ್ಲೋರಿನ್ ಏಳುತ್ತದೆ.

ಬೆಲ್ಲ ತಿಂದು ಕೂತರೆ ಹೊಗೆ ತಾಗದಂತೆ?
ಬೆಲ್ಲ ಹೋಗುವುದು ಹೊಟ್ಟೆಗೆ, ತುಂತುರು ಹೋಗುವುದು ಶ್ವಾಸಕೋಶಕ್ಕೆ.

ತಳದ ಕೆಸರಿನಲ್ಲಿ ಚಿನ್ನ ಇದೆಯಂತೆ?
ನಿಮ್ಮ ಪೈಪಿನ ಬೆಸುಗೆಯಿಂದ ಬರುವುದು ಸೀಸ, ತವರ. ಚಿನ್ನ ತೆಗೆದುಕೊಡುತ್ತೇನೆ ಎಂದು ಬರುವವರನ್ನು ಗೇಟಿನಿಂದಲೇ ಕಳಿಸಿ.

ಉಳಿದ ದ್ರಾವಣದಲ್ಲಿ ಬೋರ್ಡೋ (ಗಿಡಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಮಿಶ್ರಣ) ಮಾಡಬಹುದೇ?
ಇಲ್ಲ, ಅದರಲ್ಲಿ ಸತು, ನಿಕ್ಕಲ್ ಸೇರಿರಬಹುದು. ತೋಡಿಗೂ ಚೆಲ್ಲಬೇಡಿ, ಮೀನು ಸಾಯುತ್ತವೆ. ನೀರಿನಲ್ಲಿ ಕದಡಿದ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಬಿಸಿಯೇರುತ್ತದೆ. ತಳಕ್ಕಿಳಿದ ತೆಳುನೀಲಿ ಗಷ್ಟನ್ನು ಒಣಗಿಸಿ ಮುಚ್ಚಿದ ಡ್ರಮ್ಮಿನಲ್ಲಿಡಿ, ಅಪಾಯಕಾರಿ ತ್ಯಾಜ್ಯದ ಪರವಾನಗಿ ಇದ್ದವರಿಗೇ ಕೊಡಿ.