ಬ್ರಾಹ್ಮಿ ಪುಡಿ ಲ್ಯಾಬ್‌ಗೆ ಕೊಡೋ ಮುಂಚೆ

ಮೇಡಂ, ಆ ಪುಡಿ ಇನ್ನೂ ಕೊರಿಯರ್‌ಗೆ ಹಾಕ್ಬೇಡಿ. ಟೆರೇಸಲ್ಲಿ ಬೆಳೆದ ಬ್ರಾಹ್ಮಿನ ಬಿಸಿಲಲ್ಲಿ ಒಣಗಿಸಿದೀನಿ, ಬ್ಯಾಕೋಸೈಡ್ (ನೆನಪಿಗೆ ಒಳ್ಳೇದು ಅಂತ ಹೇಳೋ ಅಂಶ) ಟೆಸ್ಟ್ ಜೊತೆ ಡಿಪಿಪಿಎಚ್ (ಆಂಟಿಆಕ್ಸಿಡೆಂಟ್ ಟೆಸ್ಟ್) ಮಾಡಿಸಿ ಪ್ಯಾಕೆಟ್ ಮೇಲೆ 'ನೆನಪಿನ ಶಕ್ತಿಗೆ' ಅಂತ ಹಾಕ್ತೀನಿ ಅಂದಿದೀರಲ್ಲ, ನಿಮ್ಮ ಫೋಟೋದಲ್ಲಿರೋದು ಒಂದೆಲಗ. ಬಳ್ಳಿ ಹರಿದು ಗಿಣ್ಣುಗಿಣ್ಣಿಗೂ ಬೇರು ಬಿಟ್ಟಿದೆ, ಎಲೆ ದುಂಡಗೆ ಕಿವಿ ಥರ ಇದೆ. ಬ್ಯಾಕೋಸೈಡ್ ಇರೋದು ನೀರುಬ್ರಾಹ್ಮೀಲಿ, ಅದರ ಎಲೆ ಚಿಕ್ಕದು, ರಸ ತುಂಬಿ ದಪ್ಪಗಿರುತ್ತೆ. ನಮ್ ಕಡೆ ಎರಡಕ್ಕೂ ಬ್ರಾಹ್ಮಿ ಅಂತಾನೇ ಅಂತಾರೆ, ಅಲ್ಲೇ ಎಲ್ಲರೂ ಬೀಳೋದು.

ನಾನೂ ಅಲ್ಲೇ ಬಿದ್ದಿದ್ದು. ಸ್ಟೀಲ್ ಡಬ್ಬಿಗೆ ಅರ್ಧ ಕೆಜಿ ತುಂಬಿ, ಮುಚ್ಚಳದ ಮೇಲೆ ಮಾರ್ಕರಲ್ಲಿ ಬ್ರಾಹ್ಮಿ ಅಂತ ಬರೆದು ಲ್ಯಾಬ್‌ಗೆ ಕೊಟ್ಟೆ. ರಿಪೋರ್ಟಲ್ಲಿ ಬ್ಯಾಕೋಸೈಡ್ ಮುಂದೆ ನಾಟ್ ಡಿಟೆಕ್ಟೆಡ್. ಫೋನಲ್ಲಿ ಜಗಳ ಆಡಿ, ಮತ್ತೆ ದುಡ್ಡು ಕಟ್ಟಿ ಮಾಡಿಸಿದ್ರೂ ಅದೇ. ಕೊನೆಗೆ ಅಲ್ಲಿನ ಹುಡುಗಿ ಒಂದು ಟಿಎಲ್‌ಸಿ ಪ್ಲೇಟ್ (ಸಾರದ ಅಂಶಗಳು ಬೇರೆಬೇರೆ ಎತ್ತರಕ್ಕೆ ಏರಿ ನಿಲ್ಲೋ ಪ್ಲೇಟ್) ತಂದು ತೋರಿಸಿದ್ಲು, ಚುಕ್ಕಿಗಳಿಗೆ ಬಣ್ಣ ಬರಲಿ ಅಂತ ಅನಿಸಾಲ್ಡಿಹೈಡ್ ಸ್ಪ್ರೇ ಮಾಡಿ ಬಿಸಿ ಮಾಡಿದ್ದು. ಒಂದೆಲಗದಲ್ಲಿರೋ ಏಷಿಯಾಟಿಕೋಸೈಡ್ ಅನ್ನೋ ಅಂಶದ ಚುಕ್ಕಿ ಪಕ್ಕದಲ್ಲೇ, ಅದೇ ಎತ್ತರಕ್ಕೆ, ಅದೇ ಬಣ್ಣದಲ್ಲಿ ನನ್ನ ಸ್ಯಾಂಪಲ್ ನಿಂತಿತ್ತು. ಅಂದ್ರೆ ಅದು ಒಂದೆಲಗ. ಲ್ಯಾಬೋರು ಹೇಳಿದ್ದು ಸರಿ, ನಾನು ಕೇಳಿದ್ದೇ ಬೇರೆ ಗಿಡದ್ದು.

ಅದಕ್ಕೇ ಮೊದಲು ಹೂವು, ಬೇರು ಸಮೇತ ಒಂದು ಗಿಡ ಪೇಪರಲ್ಲಿಟ್ಟು ಒತ್ತಿ ಒಣಗಿಸಿ, ಯಲಹಂಕ ಹತ್ರ ಜಾರಕಬಂಡೆ ಕಾವಲಲ್ಲಿ ಟಿಡಿಯು ವಿಶ್ವವಿದ್ಯಾಲಯದ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಇದೆ, ಅಂಥ ಕಡೆ ಗುರುತು ಮಾಡಿಸಿಕೊಳ್ಳಿ. ಪುಡಿ ಆದ್ಮೇಲೆ ಕಣ್ಣಲ್ಲಿ ನೋಡಿ ಯಾರೂ ಹೇಳಕ್ಕಾಗಲ್ಲ. ಹೋಲಿಸಿ ನೋಡೋಕೆ ಲ್ಯಾಬೋರು ಇಡೋ ಶುದ್ಧ ಅಂಶ, ಅಂದ್ರೆ ಸ್ಟ್ಯಾಂಡರ್ಡ್, ಯಾವ ಕಂಪನಿದು ಅಂತಾನೂ ಕೇಳಿ, ನನಗೆ ನಮ್ಮೂರಿನ ನ್ಯಾಚುರಲ್ ರೆಮಿಡೀಸ್‌ದು ಇಲ್ಲಾ ಸಿಗ್ಮಾದು ಅಂದ್ರೆ ಸಮಾಧಾನ.

ಇನ್ನು ಡಿಪಿಪಿಎಚ್. ನೇರಳೆ ದ್ರಾವಣ ಹಳದಿಗೆ ತಿರುಗುತ್ತೆ, 517 ನ್ಯಾನೋಮೀಟರಲ್ಲಿ ಓದ್ತಾರೆ, ಅಷ್ಟೇ. ಕಾಫಿ ಡಿಕಾಕ್ಷನ್ ಹಾಕಿದ್ರೂ ತಿರುಗುತ್ತೆ! ಟ್ಯೂಬಲ್ಲಿ ಬಣ್ಣ ಹೋಯ್ತು ಅಂತ ಮಗೂಗೆ ಪಾಠ ನೆನಪಿರುತ್ತೆ ಅಂತ ಬರೆಯೋದು ದಯವಿಟ್ಟು ಬೇಡ, ನಂಬಿ ಕೊಂಡ್ಕೊಳ್ಳೋರು ತಾಯಂದಿರು. ಮಾಡಿಸಲೇಬೇಕು ಅಂದ್ರೆ ಐಸಿ50 (ಅರ್ಧ ಡಿಪಿಪಿಎಚ್ ತಣಿಸೋಕೆ ಎಷ್ಟು ಸಾರ ಬೇಕು ಅನ್ನೋ ಲೆಕ್ಕ) ಕೇಳಿ, ಹೋಲಿಕೆಗೆ ಪಕ್ಕದಲ್ಲಿ ಆಸ್ಕಾರ್ಬಿಕ್ ಆಸಿಡ್ (ವಿಟಮಿನ್ ಸಿ) ಇರ್ಲಿ, ಎಲೆ ಸಾರಕ್ಕೆ ತನ್ನದೇ ಬಣ್ಣ ಇರೋದ್ರಿಂದ ಡಿಪಿಪಿಎಚ್ ಹಾಕದ ಬ್ಲಾಂಕ್ ಬೇರೆ ಓದಿಸಿ. ಡೋಸ್ ಹೇಳ್ದೆ ಶೇಕಡಾ ಲೆಕ್ಕದಲ್ಲಿ ಒಂದೇ ನಂಬರ್ ಕೊಟ್ರೆ ಆ ರಿಪೋರ್ಟ್ ತಗೋಬೇಡಿ.

ಅದೇ ದುಡ್ಡನ್ನ ಮೊದಲು ಹೆವಿ ಮೆಟಲ್ಸ್‌ಗೆ ಹಾಕಿ ಅಂತೀನಿ. ಒಂದೆಲಗ ಮಣ್ಣು ನೀರಲ್ಲಿರೋ ಲೋಹ ಎಲ್ಲಾ ಎಳ್ಕೊಳ್ಳುತ್ತೆ, ಚರಂಡಿ ನೀರು ಸೇರೋ ಕೆರೆ ಅಂಚಿಂದು ಅಂತೂ ಮುಟ್ಟಲೇಬಾರದು. ಸೀಸ 10 ಪಿಪಿಎಂ, ಕ್ಯಾಡ್ಮಿಯಂ 0.3, ಆರ್ಸೆನಿಕ್ 3, ಪಾದರಸ 1, ಇದು ಆಯುರ್ವೇದ ಔಷಧಿಗಿರೋ ಮಿತಿ. ಜೊತೆಗೆ ಬ್ಯಾಕ್ಟೀರಿಯಾ, ಫಂಗಸ್ ಕೌಂಟ್ ಮಾಡಿಸಿ. ಒಂದೆಲಗದಿಂದ ಅಪರೂಪಕ್ಕೆ ಲಿವರ್‌ಗೆ ತೊಂದರೆ ಆದ ವರದಿಗಳೂ ಇವೆ, ಮನೆ ತಂಬುಳಿ ಬೇರೆ, ದಿನಾ ಚಮಚಗಟ್ಟಲೆ ಪುಡಿ ಬೇರೆ.

ಮುಂದಿನ ಸಲ ನೆರಳಲ್ಲಿ, ಫ್ಯಾನ್ ಕೆಳಗೆ ತೆಳ್ಳಗೆ ಹರಡಿ, ಚಿವುಟಿದ್ರೆ ದಂಟು ಪಟ್ ಅಂತ ಮುರೀಬೇಕು. ಮಿಕ್ಸಿ ಒಂದೇ ಸಮ ಓಡಿಸ್ಬೇಡಿ, ಜಾರ್ ಬಿಸಿ ಆಗುತ್ತೆ.

ನೀರುಬ್ರಾಹ್ಮಿನೇ ಬೇಕು ಅಂದ್ರೆ ಅಕ್ವೇರಿಯಂ ಅಂಗಡೀಲಿ ಬಕೋಪಾ ಮೊನಿಯೆರಿ ಅಂತ ಕೇಳಿ, ಬರೀ ಬಕೋಪಾ ಅಂದ್ರೆ ಬೇರೆ ಜಾತಿ ಕೊಡ್ತಾರೆ. ತಂದಿದ್ದನ್ನ ತಿನ್ಬೇಡಿ, ತೊಟ್ಟೀಲಿ ಏನು ಔಷಧಿ ಹಾಕಿರ್ತಾರೋ. ತುದಿ ಕತ್ತರಿಸಿ ಟಬ್ಬಲ್ಲಿ ನೆಟ್ಟು, ಹೊಸದಾಗಿ ಹಬ್ಬಿದ್ದು ಮಾತ್ರ ಕೊಯ್ಯಿರಿ.