ಸ್ವಾಮೀ, ನೀವು ಅದನ್ನು ಹಿಂದಿಯಲ್ಲಿ ನೋಡಿದಿರಾ?

ಓದುಗರ ಪತ್ರ:

ಮಾನ್ಯ ಸಂಪಾದಕರೇ, ಮಗಳ ಕಾಟ ತಾಳಲಾರದೆ ಮೊನ್ನೆ ಭಾನುವಾರ ಮನೆಯಲ್ಲೇ ಹಾಲಿವುಡ್ಡಿನ ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾ ನೋಡಿದೆ. ಅಪ್ಪ ಸತ್ತ, ಮಗ ಪಟ್ಟಕ್ಕೆ ಬಂದ, ದಾಯಾದಿ ಬಂದು ಕಿತ್ತುಕೊಂಡ, ಮಗ ವಾಪಸ್ ಪಡೆದ. ಇಷ್ಟೇ ಕಥೆ. ಕೊನೆಯ ಹೊಡೆದಾಟ ಮಕ್ಕಳ ವಿಡಿಯೊ ಗೇಮ್ ಥರ ಇದೆ. ಆಫ್ರಿಕಾದಲ್ಲಿ ವಕಾಂಡ ಅಂತ ಒಂದು ಕಲ್ಪನೆಯ ದೇಶ, ಅಷ್ಟು ಮುಂದುವರಿದ ದೇಶದಲ್ಲಿ ರಾಜನನ್ನು ಕುಸ್ತಿ ಆಡಿಸಿ ಆರಿಸುತ್ತಾರಂತೆ! ಇದಕ್ಕೆ ಆಸ್ಕರ್ ಬೇರೆ. ನಟರೆಲ್ಲ ಕಪ್ಪು ಜನ ಅನ್ನುವುದನ್ನು ಬಿಟ್ಟರೆ ಇದರಲ್ಲಿ ಏನಿದೆ? ಬಣ್ಣ ನೋಡಿ ಸಿನಿಮಾ ಮೆಚ್ಚಬೇಕಾ? ನಾನು ನೋಡಿದ್ದು ಹಿಂದಿ ಡಬ್ಬಿಂಗ್, ಅದೂ ಅಷ್ಟಕ್ಕಷ್ಟೆ.

ಒಬ್ಬ ಓದುಗ, ಶಿವಮೊಗ್ಗ (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಅಕ್ಷರ ಮುದ್ದಾಗಿದೆ. ಕೈಯಲ್ಲಿ ಬರೆದ ಪತ್ರ ಈಗ ತಿಂಗಳಿಗೆ ನಾಲ್ಕು ಬಂದರೆ ಹೆಚ್ಚು. ಹಾಗಾಗಿ ಮೂರು ಸಲ ಓದಿದೆ. ಮೂರನೇ ಸಲ ಆ ಕೊನೆಯ ಸಾಲು ಕಣ್ಣಿಗೆ ಬಿತ್ತು. ಅಲ್ಲಿ ನೀವು ಸಿಕ್ಕಿಬಿದ್ದಿರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೀವು ಗೆದ್ದ ಜಾಗಗಳನ್ನು ನಿಮಗೆ ಕೊಟ್ಟುಬಿಡುತ್ತೇನೆ. ಕೊನೆಯ ಹೊಡೆದಾಟ ಕೆಟ್ಟದಾಗಿದೆ. ನೆಲದಡಿಯ ರೈಲು ಹಳಿಯ ಮೇಲೆ ಕಪ್ಪು ಸೂಟು ಹಾಕಿದ ಇಬ್ಬರು ರಬ್ಬರ್ ಗೊಂಬೆಗಳ ಹಾಗೆ ಬಿದ್ದು ಏಳುತ್ತಾರೆ, ಮೈಯಲ್ಲಿ ಎಲುಬೇ ಇಲ್ಲವೇನೋ ಅನಿಸುತ್ತದೆ. ಮೇಲೆ ಘೇಂಡಾಮೃಗಗಳು ಓಡುತ್ತಿರುತ್ತವೆ, ಅವಕ್ಕೂ ತೂಕವಿಲ್ಲ. ಕುಸ್ತಿಯ ಮಾತೂ ನಿಜ. ಹಾರುವ ಹಡಗು ಕಟ್ಟಬಲ್ಲ ಜನ ಜಲಪಾತದ ಅಂಚಿನಲ್ಲಿ ಗುದ್ದಾಡಿ ರಾಜನನ್ನು ಆರಿಸುವುದು ನನಗೂ ನುಂಗಲು ಕಷ್ಟ. ಹಿರಿಯರ ಸಭೆ ಅಂತ ಒಂದಿದೆ, ಆದರೆ ತೀರ್ಮಾನ ಆಗುವುದು ತೋಳಲ್ಲಿ. ಇಷ್ಟು ಸಾಕಲ್ಲ? ಇನ್ನು ನನ್ನ ಸರದಿ.

ಹಿಂದಿ ಡಬ್ಬಿಂಗ್ ನೋಡಿದೆ ಅಂದಿರಿ. ಸ್ವಾಮೀ, ಈ ಸಿನಿಮಾದ ಅರ್ಧ ಜೀವ ಇರುವುದು ಬಾಯಲ್ಲಿ. ಅದನ್ನೇ ತೆಗೆದು ಬೇರೆ ಬಾಯಿ ಅಂಟಿಸಿದ್ದನ್ನು ನೋಡಿ ‘ಇದರಲ್ಲಿ ಏನಿದೆ’ ಅಂದರೆ ಹೇಗೆ? ಸಾರಿನಿಂದ ಬೇಳೆ ಎತ್ತಿಟ್ಟು ಸಪ್ಪೆ ಅಂದ ಹಾಗಾಯಿತು.

ನಡೆದದ್ದು ಹೇಳುತ್ತೇನೆ. ರಾಜ ಟಿಚಾಲನ ಪಾತ್ರ ಮಾಡಿದ ಚಾಡ್ವಿಕ್ ಬೋಸ್ಮನ್ ಅಮೆರಿಕದವರು. ಈ ಪಾತ್ರದಲ್ಲಿ ಅವರು ಮೊದಲು ಬಂದದ್ದು ಇದನ್ನು ತೆಗೆದ ಮಾರ್ವೆಲ್ ಕಂಪನಿಯದೇ 2016ರ ಇನ್ನೊಂದು ಸಿನಿಮಾದಲ್ಲಿ. ಆಗಲೇ ರಾಜ ಯಾವ ಧಾಟಿಯಲ್ಲಿ ಮಾತಾಡಬೇಕು ಎಂಬ ಚರ್ಚೆ ಬಂತು. ಬ್ರಿಟಿಷ್ ಧಾಟಿಯ ಇಂಗ್ಲಿಷ್ ಆದರೆ ನೋಡುವವರಿಗೆ ಸುಲಭ ಎಂಬ ಲೆಕ್ಕ ಒಂದು ಕಡೆ. ಬೋಸ್ಮನ್ ಒಪ್ಪಲಿಲ್ಲ. ವಕಾಂಡ ಯಾರ ಕೈಕೆಳಗೂ ಇದ್ದ ದೇಶವಲ್ಲ, ಅದರ ರಾಜ ಮಾತು ಕಲಿಯಲು ಯುರೋಪಿಗೆ ಯಾಕೆ ಹೋಗಬೇಕು ಎನ್ನುವುದು ಅವರ ವಾದ. ಸಂದರ್ಶನಗಳಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಅಪ್ಪನ ಪಾತ್ರ ಮಾಡಿದ ಜಾನ್ ಕಾನಿ ದಕ್ಷಿಣ ಆಫ್ರಿಕಾದ ದೊಡ್ಡ ರಂಗನಟ, ಮನೆಮಾತು ಖೋಸಾ. ಮಂಡೇಲಾ ಅವರ ಮನೆಮಾತೂ ಅದೇ. ಅಪ್ಪ ಮಗ ಇಬ್ಬರೇ ಇದ್ದಾಗ ತಮ್ಮ ಮಾತಲ್ಲೇ ಆಡಬೇಕಲ್ವಾ ಅಂತ ಕಾನಿ ಖೋಸಾದಲ್ಲಿ ಶುರು ಮಾಡಿದರು. ಬೋಸ್ಮನ್ ಆ ಸಾಲುಗಳನ್ನು ಕಲಿತರು. ಹಾಗೆ ವಕಾಂಡಕ್ಕೊಂದು ಭಾಷೆ ಬಂತು. ಎತ್ತು ಹೂಡಿದವರು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ‘ಲಟಕ್’ ಅನ್ನಿಸುತ್ತಾರಲ್ಲ, ಆ ಸದ್ದು ಖೋಸಾದಲ್ಲಿ ಒಂದು ವ್ಯಂಜನ. ಇಪ್ಪತ್ತು ಕೋಟಿ ಡಾಲರ್ ಸುರಿದ ಹಾಲಿವುಡ್ ಚಿತ್ರದಲ್ಲಿ ರಾಜನ ಬಾಯಲ್ಲಿ ಆ ಸದ್ದು ಕೇಳಿದಾಗ ನನಗೆ ಕೂದಲು ನಿಮಿರಿತು. ನಿಮಗೆ ಕೇಳಿಸಿದ್ದು ಹಿಂದಿ.

ಇನ್ನು ಬಣ್ಣದ ಮಾತು. ಪರದೆಯ ಮೇಲೆ ಕಪ್ಪು ಮುಖ ಬಂದದ್ದೇ ದೊಡ್ಡದು ಅಂತ ನಾನು ಹೇಳುತ್ತಿಲ್ಲ. 1998ರಲ್ಲೇ ‘ಬ್ಲೇಡ್’ ಬಂದಿತ್ತು, ವೆಸ್ಲಿ ಸ್ನೈಪ್ಸ್ ನಾಯಕ. ನನಗೆ ಮುಖಕ್ಕಿಂತ ಕೈ ಮುಖ್ಯ. ಬಟ್ಟೆ ಹೊಲಿಸಿದ್ದು ಯಾರು, ಮನೆ ಕಟ್ಟಿದ್ದು ಯಾರು, ಕಥೆ ಬರೆದದ್ದು ಯಾರು? ನಿರ್ದೇಶಕ ರಯಾನ್ ಕೂಗ್ಲರ್ 1986ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಹುಟ್ಟಿದವರು. ಅವರ ಮೊದಲ ಸಿನಿಮಾ ಅದೇ ಊರಿನ ರೈಲು ನಿಲ್ದಾಣದಲ್ಲಿ 2009ರ ಹೊಸವರ್ಷದ ದಿನ ಪೊಲೀಸ್ ಗುಂಡಿಗೆ ಸತ್ತ ಕಪ್ಪು ಯುವಕನ ಕಥೆ. ‘ಬ್ಲ್ಯಾಕ್ ಪ್ಯಾಂಥರ್’ ಶುರುವಾಗುವುದೂ 1992ರ ಓಕ್ಲೆಂಡಿನಲ್ಲಿ, ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುವ ಅಂಗಳದಲ್ಲಿ. ವೇಷಭೂಷಣದ ರೂತ್ ಕಾರ್ಟರ್ 1990ರ ದಶಕದಲ್ಲೇ ಎರಡು ಸಲ ಆಸ್ಕರ್ ಪಟ್ಟಿಯಲ್ಲಿದ್ದವರು. ಗೆದ್ದದ್ದು 2019ರಲ್ಲಿ, ಇದಕ್ಕೆ. ಆ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪು ವ್ಯಕ್ತಿ ಅವರು. ಕಲಾ ವಿನ್ಯಾಸದಲ್ಲಿ ಹ್ಯಾನಾ ಬೀಚ್ಲರ್, ಅಲ್ಲೂ ಹಾಗೆಯೇ ಮೊದಲು. ಇದು ಸುಮ್ನೆ ಬಣ್ಣಕ್ಕೆ ಹಂಚಿದ ಬಹುಮಾನ ಅನ್ನುತ್ತೀರಾ? ಹಾಗಾದರೆ ಮೂರನೇ ಆಸ್ಕರ್ ಯಾರಿಗೆ ಗೊತ್ತಾ? ಸಂಗೀತಕ್ಕೆ, ಸ್ವೀಡನ್ನಿನ ಬಿಳಿಯ ಲುಡ್ವಿಗ್ ಗೊರಾನ್ಸನ್‌ಗೆ. ಆತ ಸೆನೆಗಲ್‌ಗೆ ಹೋಗಿ ಗಾಯಕ ಬಾಬಾ ಮಾಲ್ ಜೊತೆ ಊರೂರು ತಿರುಗಿದ. ಕಂಕುಳಲ್ಲಿ ಅದುಮಿ ಬಾರಿಸುವ ‘ಮಾತಾಡುವ ಚರ್ಮವಾದ್ಯ’ವನ್ನು ಕೇಳಿಸಿಕೊಂಡು ಬಂದು ಟಿಚಾಲನಿಗೆ ಕೊಟ್ಟ. ಕೇಳಿಸಿಕೊಳ್ಳುವ ಕಿವಿ ಇದ್ದವನಿಗೆ ಯಾರೂ ಬಾಗಿಲು ಹಾಕಲಿಲ್ಲ.

ಬುಸಾನಿನ ಜೂಜುಮನೆಯ ದೃಶ್ಯ ನೆನಪಿದೆಯಾ? ಸೇನಾಪತಿ ಓಕೊಯೆಗೆ ವೇಷ ಮರೆಸಲು ತಲೆಗೆ ವಿಗ್ಗು ಹಾಕಿಸಿರುತ್ತಾರೆ. ಬೋಳುತಲೆ ಅವಳ ಹೆಮ್ಮೆ, ವಿಗ್ಗು ಅವಳಿಗೆ ಕಿರಿಕಿರಿ. ಹೊಡೆದಾಟ ಶುರುವಾದ ಕೂಡಲೇ ಅದನ್ನು ಕಿತ್ತು ಎದುರಾಳಿಯ ಮುಖಕ್ಕೆ ಎಸೆಯುತ್ತಾಳೆ. ಎರಡು ಸೆಕೆಂಡು, ಅಷ್ಟೇ. ಗುಂಗುರು ಕೂದಲನ್ನು ಬಿಸಿ ಕಬ್ಬಿಣದಲ್ಲಿ ಸುಟ್ಟು ನೇರ ಮಾಡಿಕೊಳ್ಳದಿದ್ದರೆ ಕೆಲಸ ಸಿಗದ ಕಾಲವನ್ನು ಕಂಡ ಹೆಂಗಸರಿಗೆ ಆ ಎರಡು ಸೆಕೆಂಡು ಏನಾಗಿರಬೇಕು! ನಿಮ್ಮ ಪತ್ರದಲ್ಲಿ ಅವಳ ಸುದ್ದಿಯೇ ಇಲ್ಲ. ಮಗಳನ್ನು ಕೇಳಿ, ಅವಳಿಗೆ ನೆನಪಿರುತ್ತದೆ.

ನೀವು ‘ದಾಯಾದಿ’ ಅಂತ ಒಂದು ಪದ ಬಳಸಿದ್ದೀರಿ. ಬಹಳ ಸರಿಯಾದ ಪದ, ಆದರೆ ಅದನ್ನು ಬೈಗುಳದ ಹಾಗೆ ಬಳಸಿದ್ದೀರಿ. ಕಿಲ್‌ಮಾಂಗರ್ ನಿಜವಾಗಿ ದಾಯಾದಿ, ಚಿಕ್ಕಪ್ಪನ ಮಗ. ಟಿಚಾಲನ ಅಪ್ಪ, ಆಗಿನ ರಾಜನೇ, ತನ್ನ ತಮ್ಮನನ್ನು ಓಕ್ಲೆಂಡಿನಲ್ಲಿ ಕೊಂದು, ತಮ್ಮನ ಮಗನನ್ನು ಅಲ್ಲೇ ಬಿಟ್ಟು, ಗುಟ್ಟು ಮುಚ್ಚಿಟ್ಟು ಊರಿಗೆ ಹೋದ. ಆ ಹುಡುಗ ದೊಡ್ಡವನಾಗಿ ಕೇಳುವ ಪ್ರಶ್ನೆ ಒಂದೇ: ನಿಮ್ಮ ಹತ್ತಿರ ಇಷ್ಟೆಲ್ಲ ಇತ್ತು, ಹೊರಗೆ ನಮ್ಮವರು ಸಾಯುತ್ತಿದ್ದಾಗ ಎಲ್ಲಿದ್ದಿರಿ? ಇದಕ್ಕೆ ವಕಾಂಡದಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ. ಟಿಚಾಲ ಪಿತೃಲೋಕಕ್ಕೆ ಹೋಗಿ ಸತ್ತ ಅಪ್ಪನ ಎದುರು ನಿಂತು ನೀವು ಮಾಡಿದ್ದು ತಪ್ಪು ಅನ್ನುತ್ತಾನೆ. ಅಪ್ಪನ ಮಾತು ಉಳಿಸಲು ಕಾಡಿಗೆ ಹೋದವನನ್ನು ಪೂಜಿಸುವ ನಾವು ಆ ದೃಶ್ಯವನ್ನು ಎರಡು ಸಲ ನೋಡಬೇಕು.

ಮ್ಯೂಸಿಯಂ ದೃಶ್ಯವೂ ಇದೆ. ಲಂಡನ್ನಿನಲ್ಲಿ ಗಾಜಿನ ಪೆಟ್ಟಿಗೆಗಳ ಮಧ್ಯೆ ನಿಂತು, ನಿಮ್ಮ ಹಿರಿಯರು ಇವಕ್ಕೆ ದುಡ್ಡು ಕೊಟ್ಟಿದ್ದರಾ ಅಂತ ಕಿಲ್‌ಮಾಂಗರ್ ಕೇಳುತ್ತಾನೆ. 1897ರಲ್ಲಿ ಬ್ರಿಟಿಷ್ ಸೇನೆ ಇಂದಿನ ನೈಜೀರಿಯಾದ ಬೆನಿನ್ ನಗರವನ್ನು ಸುಟ್ಟು ಲೂಟಿ ಮಾಡಿತು. ಆ ರಾಜ್ಯದ 900ಕ್ಕೂ ಹೆಚ್ಚು ವಸ್ತುಗಳು ಬ್ರಿಟಿಷ್ ಮ್ಯೂಸಿಯಂ ಹತ್ತಿರ ಇವೆ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿಯೂ ಲಂಡನ್ನಿನಲ್ಲೇ, ಇನ್ನೊಂದು ಮ್ಯೂಸಿಯಂನಲ್ಲಿ ಕೂತಿದೆ.

ಇಲ್ಲಿ ನಿಮ್ಮ ಮೇಲೆ ಸ್ವಲ್ಪ ಸಿಟ್ಟು. ತಪ್ಪು ಹುಡುಕಲು ಕೂತವರು ಚಿಲ್ಲರೆ ತಪ್ಪು ಹಿಡಿದು ದೊಡ್ಡದನ್ನು ಬಿಟ್ಟಿರಿ. ಘೇಂಡಾಮೃಗ ಹಾಳಾಗಲಿ. ಇಷ್ಟು ನ್ಯಾಯದ ಪ್ರಶ್ನೆ ಕೇಳುವವನ ಕೈಯಲ್ಲಿ ಸಿನಿಮಾ ಏನು ಮಾಡಿಸುತ್ತದೆ ನೋಡಿ. ಜೊತೆಗಿದ್ದ ಗೆಳತಿಯನ್ನು ಕಣ್ಣು ಮಿಟುಕಿಸದೆ ಗುಂಡಿಟ್ಟು ಕೊಲ್ಲುತ್ತಾನೆ, ಮುದುಕಿಯ ಕುತ್ತಿಗೆ ಹಿಡಿದು ಎತ್ತುತ್ತಾನೆ. ಯಾಕೆ? ನಾವು ಅವನ ಕಡೆ ವಾಲಿಬಿಡುತ್ತೇವೆ ಅಂತ ಬರೆದವರಿಗೆ ಭಯ. ಅದಕ್ಕಿಂತ ದೊಡ್ಡದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಅಧಿಕಾರಿ. ವಕಾಂಡದ ಶಸ್ತ್ರ ಹೊತ್ತ ಹಡಗುಗಳನ್ನು ಹೊಡೆದುರುಳಿಸುವ ಒಳ್ಳೆಯ ಕೆಲಸ ಅವನದು. ಕಾಂಗೊ ಸ್ವತಂತ್ರವಾದದ್ದು 1960ರ ಜೂನ್‌ನಲ್ಲಿ. ಅದರ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು ಮರುವರ್ಷ ಜನವರಿಯಲ್ಲಿ ಕೊಂದರು. ಅವರಿಗೆ ವಿಷ ಹಾಕಲು ಸಿಐಎ ಸಂಚು ಮಾಡಿತ್ತು ಎನ್ನುವುದು 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ಬಯಲು ಮಾಡಿದ ವಿಷಯ. ಅದೇ ಸಂಸ್ಥೆಯವನು ಆಫ್ರಿಕಾದ ರಾಜನಿಗೆ ಜೀವದ ಗೆಳೆಯ! ಆಫ್ರಿಕಾದ ಪ್ರಶ್ನೆಯನ್ನು ಹಾಲಿವುಡ್ ಎಲ್ಲಿಯವರೆಗೆ ಕೇಳಲು ಬಿಡುತ್ತದೆ ಎನ್ನುವುದಕ್ಕೆ ಇದು ಗೆರೆ. ಇನ್ನೊಂದು ದೂರೂ ಇದೆ. ಲೆಸೊಥೊದ ಕಂಬಳಿ, ಜುಲು ಹೆಂಗಸರ ಟೋಪಿ, ನಮೀಬಿಯಾದ ಹಿಂಬಾ ಜನರ ಕೆಮ್ಮಣ್ಣು, ಇಥಿಯೋಪಿಯಾದ ಮುರ್ಸಿಗಳ ತುಟಿಯ ಬಿಲ್ಲೆ, ಎಲ್ಲ ಒಂದೇ ಊರಲ್ಲಿ. ಇಳಕಲ್ ಸೀರೆ ಉಟ್ಟವಳ ಸೊಂಟಕ್ಕೆ ಕೊಡವರ ಪೀಚೆಕತ್ತಿ ಸಿಕ್ಕಿಸಿ ತಲೆಗೆ ಕುಲ್ಲುವಿನ ಟೋಪಿ ಇಟ್ಟ ಹಾಗೆ. ನಾನು ಇದನ್ನು ಕ್ಷಮಿಸುತ್ತೇನೆ. ಊರೇ ತಿಳಿಯದೆ ಹಡಗಿಗೆ ತುಂಬಿಸಿಕೊಂಡವರ ಮೊಮ್ಮಕ್ಕಳು ಕಂಡ ಕನಸು ಅದು. ಅವರಿಗೆ ಇಡೀ ಆಫ್ರಿಕಾವೇ ತವರು.

ಈಗ ನನ್ನ ಸ್ವಂತ ಮಾತು. ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಯಲ್ಲಾಪುರದ ಕಡೆ ನಾನು ಓದಿದ ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಒಬ್ಬ ಸಿದ್ದಿ ಹುಡುಗ ಇದ್ದ. ಅವನ ಹಿರಿಯರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದಿದ್ದರು. ಪ್ರತಿವರ್ಷ ಶಾಲೆಯ ನಾಟಕದಲ್ಲಿ ಅವನಿಗೆ ರಾಕ್ಷಸನ ಪಾತ್ರ. ‘ಬಣ್ಣದ ಖರ್ಚು ಉಳೀತು’ ಅಂತ ಮೇಷ್ಟ್ರು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ನಾನು ಜಾಸ್ತಿ ನಗುತ್ತಿದ್ದೆ, ಯಾಕೆಂದರೆ ರಾಮನ ಪಾತ್ರ ನನ್ನದು. ಅವನು ಮುಂದೆ ಓಟದಲ್ಲಿ ಹೆಸರು ಮಾಡಿ ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದ. 2018ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಸಿಕ್ಕಾಗ ಇಬ್ಬರೂ ಈ ಸಿನಿಮಾಕ್ಕೆ ಹೋದೆವು. ಇಂಗ್ಲಿಷಿನಲ್ಲಿ.

ಬೆಟ್ಟದ ಜಬಾರಿ ಕುಲದವರು ಬರುವ ದೃಶ್ಯದಲ್ಲಿ ಅವರ ನಾಯಕ ತಮ್ಮ ದೇವರ ಹೆಸರು ಕೂಗುತ್ತಾನೆ. ಬಾಯಿ ಆಡಿತು, ಸದ್ದು ಬರಲಿಲ್ಲ. ‘ಅಂವ ಎಂತ ಕೂಗಿದ? ಸೌಂಡೇ ಬರ್ಲಿಲ್ವಲ್ಲ’ ಅಂದ ಗೆಳೆಯ. ಆಮೇಲೆ ಪತ್ರಿಕೆಯಲ್ಲಿ ಓದಿ ಗೊತ್ತಾಯಿತು. ಅವರ ದೇವರ ಹೆಸರು ಹನುಮಾನ್ ಅಂತೆ, ನಮ್ಮ ಸೆನ್ಸಾರ್ ಮಂಡಳಿ ಆ ಪದವನ್ನು ನುಂಗಿಸಿತ್ತು! ಅಂಜನಾದ್ರಿ ಇರುವ ನಾಡಿನಲ್ಲಿ ಕೂತು, ಆಫ್ರಿಕಾದವನ ಬಾಯಲ್ಲಿ ಆಂಜನೇಯನ ಹೆಸರು ಕೇಳುವ ಭಾಗ್ಯ ನಮಗಿರಲಿಲ್ಲ. ಫೋನ್ ಮಾಡಿ ಹೇಳಿದರೆ ಗೆಳೆಯ ಐದು ನಿಮಿಷ ನಕ್ಕ. ಅವನು ಶನಿವಾರ ತಪ್ಪದೆ ಹನುಮಂತನ ಗುಡಿಗೆ ಹೋಗುವವನು.

ಸಿನಿಮಾದ ಕೊನೆಯಲ್ಲಿ ಸಾಯುತ್ತಿರುವ ಕಿಲ್‌ಮಾಂಗರ್ ತನ್ನನ್ನು ಸಮುದ್ರಕ್ಕೆ ಹಾಕಿ ಅನ್ನುತ್ತಾನೆ. ಬೇಡಿಗಿಂತ ಸಾವೇ ಮೇಲು ಅಂತ ಹಡಗಿನಿಂದ ಹಾರಿದ ಹಿರಿಯರ ಜೊತೆ ಇರುತ್ತೇನೆ ಅನ್ನುತ್ತಾನೆ. ಗೆಳೆಯ ಆಗ ಏನೂ ಅನ್ನಲಿಲ್ಲ. ಹೊರಗೆ ಬಂದು ಚಹಾ ಕುಡಿಯುವಾಗ ಪಾಪ್‌ಕಾರ್ನ್ ರೇಟಿಗೆ ಬೈದ, ಓಕೊಯೆಯ ವಿಗ್ಗಿನ ಮಾತಾಡಿದ. ಬಸ್ ಸ್ಟ್ಯಾಂಡಿನಲ್ಲಿ ಇದ್ದಕ್ಕಿದ್ದ ಹಾಗೆ, ‘ನಮ್ಮೋರು ಹಾರ್ಲಿಲ್ಲ ಮಾರಾಯಾ. ಇಳ್ದು ಕಾಡು ಹತ್ತಿದ್ರು’ ಅಂದ. ನನಗೆ ಉತ್ತರ ತೋಚಲಿಲ್ಲ.

ನಮ್ಮ ಸಿನಿಮಾದವರಿಗೂ ತೋಚಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003 ಬೇಕಾಯಿತು, ವಿಧಾನ ಪರಿಷತ್ತಿಗೆ ಒಬ್ಬರು ಹೋಗಲು 2020. ನಮ್ಮ ದೊಡ್ಡ ಚಿತ್ರಗಳಲ್ಲಿ ನಾಯಕರಾಗಿ ಬರಲು ಇನ್ನೆಷ್ಟು ಕಾಲವೋ. ಹಳ್ಳಿ ಹುಡುಗಿಯ ಪಾತ್ರಕ್ಕೆ ಮುಂಬೈಯಿಂದ ಬೆಳ್ಳಗಿನವಳನ್ನು ಕರೆಸಿ ಮುಖಕ್ಕೆ ಕಪ್ಪು ಬಳಿಯುತ್ತೇವೆ. ಕಲಬುರಗಿಯ ಮಾತು ಬಂದರೆ ಅವನು ಕಾಮಿಡಿಯನ್, ಮಂಗಳೂರು ಮಾತು ಬಂದರೆ ಹೋಟೆಲ್ ಮಾಲೀಕ. ರಾಜನ ಬಾಯಲ್ಲಿ ಮಾತ್ರ ಪುಸ್ತಕದ ಕನ್ನಡ. ಬೋಸ್ಮನ್ ಹಿಡಿದ ಹಟವನ್ನು ನಮ್ಮ ಯಾವ ಹೀರೊ ಹಿಡಿದಾನು? ಡಬ್ಬಿಂಗಿನ ಬಗ್ಗೆ ಇನ್ನೂ ಎರಡು ಪುಟ ಬರೆಯಬಲ್ಲೆ. ಜಾಗವಿಲ್ಲ, ಅಡುಗೆ ಪುಟದವರು ಆಗಲೇ ಮುಖ ಊದಿಸಿಕೊಂಡಿದ್ದಾರೆ.

ಇನ್ನೊಂದು ಸಲ ನೋಡಿ. ಮೂಲ ಧ್ವನಿಯಲ್ಲಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಬೋಸ್ಮನ್‌ಗೆ 2016ರಲ್ಲೇ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು, ಯಾರಿಗೂ ಹೇಳದೆ ಈ ಹೊಡೆದಾಟವೆಲ್ಲ ಮಾಡಿದರು, 2020ರಲ್ಲಿ ತೀರಿಕೊಂಡಾಗ ಬರೀ 43 ವರ್ಷ. ಇಷ್ಟು ತಿಳಿದು ನೋಡಿದರೆ ಆ ರಬ್ಬರ್ ಗೊಂಬೆಗಳನ್ನೂ ಸಹಿಸಿಕೊಳ್ಳುತ್ತೀರೇನೋ. ಮತ್ತೆ ಒಂದು ಉಪಕಾರ ಮಾಡಿ. ಜಲಪಾತದ ದೃಶ್ಯ ಬಂದಾಗ ಧ್ವನಿ ಸ್ವಲ್ಪ ಜೋರಾಗಿಡಿ. ಮನೆಯಲ್ಲಿ ನೋಡುವ ಪ್ರತಿಯಲ್ಲಿ ಹನುಮಾನ್ ಎಂಬ ಹೆಸರು ಕೇಳಿಸಿದರೆ ನನಗೊಂದು ಕಾರ್ಡು ಹಾಕಿ. ಗೆಳೆಯನಿಗೆ ತಿಳಿಸಬೇಕು.